ಎರಡು ಉಬ್ಬುಗಳ ನಡುವಿನ ತವರುಮನೆ

ಭಾನುವಾರ ಬಂತೆಂದರೆ ನಾನು ತೂಕದ ಕಲ್ಲಾಗಿಬಿಡುತ್ತಿದ್ದೆ. ವಾರದ ಉಳಿದ ದಿನಗಳಲ್ಲಿ ನಾನು ಅಫಜಲಪುರದ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಟೀಚರು. ಮಕ್ಕಳು ನನಗೆ ಹೆದರುತ್ತಾರೆ, ಹೆಡ್ಮಾಸ್ತರರೂ ಸ್ವಲ್ಪ ಹೆದರುತ್ತಾರೆ. ಆದರೆ ಭಾನುವಾರ ಬೆಳಿಗ್ಗೆ ನನ್ನ ಗಂಡ ನಮ್ಮ ಬಿಳಿ ಸಣ್ಣ ಕಾರಿನ ಎಡಗಡೆಯ ಬಾಗಿಲು ತೆರೆದು "ಕೂಡು" ಎನ್ನುತ್ತಿದ್ದರು. ಅದರಲ್ಲಿ ಪ್ರೀತಿ ಇರಲಿಲ್ಲ ಎನ್ನಲಾರೆ, ಆದರೆ ಮುಖ್ಯವಾಗಿ ಇದ್ದದ್ದು ವಿಜ್ಞಾನ. ಹೋದ ವಾರ ನಾನು ಕೂತಿದ್ದೆ, ಆದ್ದರಿಂದ ಈ ವಾರವೂ ನಾನು ಕೂರಬೇಕು. ಗಾಡಿಯ ಮೇಲಿನ ತೂಕ ವಾರದಿಂದ ವಾರಕ್ಕೆ ಬದಲಾದರೆ ಆವರೇಜು ಹೋಲಿಸಿ ನೋಡಲು ಬರುವುದಿಲ್ಲ ಎಂಬುದು ಅವರ ವಾದ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು.

ಆವರೇಜು ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಗಾಡಿ ಎಷ್ಟು ದೂರ ಓಡುತ್ತದೆ ಎಂಬ ಲೆಕ್ಕ. ನಮ್ಮ ಕಡೆ ಹೊಸ ಗಾಡಿ ಕಂಡವರು ಅದರ ಬಣ್ಣ ಹೊಗಳುವುದಿಲ್ಲ, ಸೀಟು ಮುಟ್ಟಿ ನೋಡುವುದಿಲ್ಲ. ಎಮ್ಮೆ ಕೊಂಡವರನ್ನು ಹಾಲಿನ ವಿಷಯ ಕೇಳಿದಂತೆ ನೇರವಾಗಿ "ಎಷ್ಟ್ ಆವರೇಜ್ ಕೊಡ್ತದ್ರಿ?" ಎಂದು ಕೇಳುತ್ತಾರೆ. ನಮ್ಮ ಮನೆಯ ನೆಮ್ಮದಿ ಹಾಳಾದದ್ದು ಇದೇ ಪ್ರಶ್ನೆಯಿಂದ.

ನನ್ನ ಗಂಡನ ಊರು ಜೇವರ್ಗಿ. ಅಲ್ಲಿ ಮನೆಯ ಕೂಸೊಂದರ ಜವಳದ ಊಟಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ಗೋದಿ ಹುಗ್ಗಿ ಬಡಿಸುತ್ತಿದ್ದರು. ನನ್ನ ಭಾವ, ಅಂದರೆ ಗಂಡನ ಅಣ್ಣ, ನಮ್ಮದೇ ನಮೂನೆಯ ಕಾರು ಇಟ್ಟುಕೊಂಡಿದ್ದಾರೆ. ಅವರು ಎಲ್ಲರ ಎದುರಿಗೆ ಆ ಪ್ರಶ್ನೆ ಕೇಳಿದರು. ನನ್ನ ಗಂಡ ಇದ್ದದ್ದು ಇದ್ದ ಹಾಗೆ ಹೇಳಿದರು. ಭಾವ ತಮ್ಮದು ಹೇಳಿದರು. ಅದು ನಮ್ಮದಕ್ಕಿಂತ ಎಷ್ಟೋ ಮೇಲಿತ್ತು.

"ಗಾಡೀದು ತಪ್ಪಿಲ್ಲ ತಮ್ಮ," ಎಂದರು ಭಾವ, ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ. "ನೀ ಹೊಡಿಯೂದು ಬರೋಬ್ಬರಿ ಇಲ್ಲ."

ಪಂಕ್ತಿಯೆಲ್ಲ ನಕ್ಕಿತು. ನನ್ನ ಗಂಡ ಕೈ ತೊಳೆದುಕೊಂಡು ಎದ್ದರು. ಮರುದಿನ ನಾನು ಏಳುವಷ್ಟರಲ್ಲಿ ಮೊಬೈಲಿನಲ್ಲಿ ಯಾರೋ ಹಿಂದಿಯಲ್ಲಿ ಕಾರು ಓಡಿಸುವುದು ಹೇಗೆಂದು ಪಾಠ ಮಾಡುತ್ತಿದ್ದರು, ಇವರು ಚಹಾ ಆರಿಸಿಕೊಂಡು ಕೇಳುತ್ತ ಕೂತಿದ್ದರು. ಹಲವು ವರ್ಷಗಳಿಂದ ಕಾರು ಓಡಿಸುತ್ತಿದ್ದ ಮನುಷ್ಯ ಅಂದಿನಿಂದ ಹೊಸದಾಗಿ ಓಡಿಸಲು ಕಲಿತರು.

ಮೊದಲು ಹೋದದ್ದು ಗಾಡಿಯೊಳಗಿನ ಭಾರ. ಹಿಂದೆ ಬಿದ್ದಿದ್ದ ಹಳೆಯ ಕೊಡೆ, ಮಕ್ಕಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಬ್ಯಾಟು, ಕಾಲಡಿಯ ಮ್ಯಾಟುಗಳು, ಎಲ್ಲ ಇಳಿದವು. ಮುಂದೆ ಇಟ್ಟಿದ್ದ ಕಲ್ಲಿನ ಪುಟ್ಟ ಬಸವಣ್ಣ ದೇವರ ಕೋಣೆಗೆ ಹೋದ, ಅವನ ಜಾಗಕ್ಕೆ ಕಾಗದದ ಬಸವಣ್ಣ ಅಂಟಿಕೊಂಡ. ನನ್ನ ನೀರಿನ ಬಾಟಲಿಗೂ ತಕರಾರು ಬಂತು. ಮನೆಯಲ್ಲೇ ಕುಡಿದು ಹತ್ತು ಎಂದರು.

"ಬಾಟಲ್ಯಾಗಿದ್ರೂ ಅಷ್ಟ, ಹೊಟ್ಟ್ಯಾಗಿದ್ರೂ ಅಷ್ಟ ತೂಕ ಅಲ್ರಿ?" ಎಂದೆ.

ಅವರು ಬಾಗಿಲ ಹಿಡಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, "ಹಂಗಾದ್ರ ಕುಡೀಬ್ಯಾಡ," ಎಂದರು.

ಎಕ್ಸಿಲೇಟರನ್ನು ಕೂಸಿನ ಹೊಟ್ಟೆಗೆ ಎಣ್ಣೆ ಹಚ್ಚುವಷ್ಟು ಮೆತ್ತಗೆ ಒತ್ತಬೇಕು ಎನ್ನುವುದು ಅವರ ಎರಡನೆಯ ಪಾಠ. ಚಕ್ರದ ಗಾಳಿಯನ್ನು ಬಿಸಿಲೇರುವ ಮೊದಲೇ ನೋಡಿಸಬೇಕು. ಏಸಿ ಹಚ್ಚಬಾರದು, ಅದು ಪೆಟ್ರೋಲು ಕುಡಿಯುತ್ತದೆ. ಕಿಟಕಿಯನ್ನೂ ಇಳಿಸಬಾರದು, ಗಾಳಿ ಒಳಗೆ ಹೊಕ್ಕು ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ನಮ್ಮ ಸೀಮೆಯ ಬಿಸಿಲಿನಲ್ಲಿ ಕಿಟಕಿ ಮುಚ್ಚಿ, ಏಸಿ ಆರಿಸಿ, ನೀರು ಕುಡಿಯದೆ ಕಾರಿನಲ್ಲಿ ಕೂತವರಿಗೆ ಮಾತ್ರ ನನ್ನ ಮಾತು ಅರ್ಥವಾದೀತು. ಇಳಿದಾಗ ನನ್ನ ಸೀರೆ ಹಿಂಡಿದರೆ ನೀರು ಬರುತ್ತಿತ್ತು. ಅವರ ಮುಖದಲ್ಲಿ ಮಾತ್ರ ಪೂಜೆ ಮುಗಿಸಿದವರ ಕಳೆ.

ಎಲ್ಲಕ್ಕಿಂತ ದೊಡ್ಡ ಪಾಪವೆಂದರೆ ಬ್ರೇಕು. ಗಾಡಿ ಓಡಲು ಉಂಡ ಪೆಟ್ರೋಲನ್ನೆಲ್ಲ ಬ್ರೇಕು ಮಣ್ಣುಪಾಲು ಮಾಡುತ್ತದಂತೆ. ಆದ್ದರಿಂದ ಮುಂದಿನದನ್ನು ದೂರದಿಂದಲೇ ನೋಡಿ, ಕಾಲು ಮೊದಲೇ ಎತ್ತಿ, ಗಾಡಿ ತಾನಾಗಿ ನಿಧಾನವಾಗುವಂತೆ ಬಿಡಬೇಕು. ಅವರು ಅದರಲ್ಲಿ ಎಷ್ಟು ಪಳಗಿದರೆಂದರೆ ದನ ರಸ್ತೆಗೆ ಬರುವ ಮೊದಲೇ ಅದರ ಮನಸ್ಸು ತಿಳಿದು ಕಾಲೆತ್ತುತ್ತಿದ್ದರು. ತೊಗರಿ ರಾಶಿಯ ದಿನಗಳಲ್ಲಿ ರೈತರು ರಸ್ತೆಯ ಮೇಲೆ ತೊಗರಿ ಕಟ್ಟಿಗೆ ಹರಡುತ್ತಾರೆ, ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಮೆತ್ತನೆಯ ಕಟ್ಟಿಗೆಯ ಮೇಲೆ ಹಾಯ್ದರೆ ಆವರೇಜು ಇಳಿಯುತ್ತದೆಂದು ಇವರು ಒಂದು ಲಾರಿಯನ್ನು ಮುಂದೆ ಬಿಟ್ಟು, ಅದರ ಗಾಲಿ ಹೋದ ಜಾಡಿನಲ್ಲೇ ದಾರದ ಮೇಲೆ ನಡೆದಂತೆ ಓಡಿಸಿದರು. ರಾಶಿ ಕಾಯುತ್ತ ಕೂತಿದ್ದ ಮುದುಕನೊಬ್ಬ ಎದ್ದು ನಿಂತು, "ನಿಮ್ಮ ಗಾಡೀಗಿ ನಮ್ಮ ತೊಗರಿ ಪಸಂದ ಬರಲಿಲ್ಲೇನ್ರಿ?" ಎಂದ.

ಈ ಸಾಧನೆಯನ್ನೆಲ್ಲ ಅಳೆಯಲು ಸ್ಟೇರಿಂಗಿನ ಹಿಂದೆ ಒಂದು ಸಣ್ಣ ಪರದೆ ಇದೆ, ಅದರಲ್ಲಿ ಆವರೇಜಿನ ಅಂಕಿ ಕಾಣುತ್ತದೆ. ಭಾವನ ಅಂಕಿಯನ್ನು ದಾಟುವುದು ಗುರಿ. ಪರೀಕ್ಷೆಗೆ ರಸ್ತೆ ಒಂದೇ ಇರಬೇಕು, ಹೊತ್ತು ಒಂದೇ ಇರಬೇಕು, ತೂಕ ಒಂದೇ ಇರಬೇಕು. ಹಾಗಾಗಿ ಪ್ರತಿ ಭಾನುವಾರ ಅಫಜಲಪುರದಿಂದ ಆಳಂದಕ್ಕೆ ಹೋಗುವುದು, ಆಳಂದದಲ್ಲಿ ಒಂದು ಸುತ್ತು ಹೊಡೆದು, ಯಾವ ಕೆಲಸವೂ ಇಲ್ಲದೆ ಹಾಗೇ ತಿರುಗಿ ಬರುವುದು. ಪೆಟ್ರೋಲು ಉಳಿಸುವುದನ್ನು ಕಲಿಯಲು ನಾವು ಸುಟ್ಟ ಪೆಟ್ರೋಲಿನಲ್ಲಿ ಇನ್ನೊಂದು ಸಂಸಾರ ಊರೂರು ತಿರುಗಿ ಬರಬಹುದಿತ್ತು.

ನಾನು ಒಪ್ಪಿಕೊಂಡು ಕೂರುತ್ತಿದ್ದೆ, ಅದಕ್ಕೆ ಕಾರಣವಿತ್ತು. ಆಳಂದದ ದಾರಿಯಲ್ಲಿ ಮಟಕಿಗೆ ಹೊರಳುವ ಕ್ರಾಸ್ ಸಿಗುತ್ತದೆ. ಮಟಕಿ ನನ್ನ ತವರು. ಅಲ್ಲಿ ಅಪ್ಪ, ಅವ್ವ, ತಮ್ಮನ ಸಂಸಾರ, ಹೊಲ, ದನ, ಎಲ್ಲ ಇದೆ. ಪ್ರತಿವಾರ ಅವ್ವನ ಮನೆಯಲ್ಲಿ ಒಂದು ತಾಸು ಕೂತು, ಅವಳ ಕೈಯ ಬಿಸಿ ರೊಟ್ಟಿ ತಿಂದು ಬರಬಹುದೆಂದು ಮೊದಲ ಭಾನುವಾರ ನಾನು ಹೊಸ ಸೀರೆ ಉಟ್ಟು ಹತ್ತಿದ್ದೆ.

"ನಿಂತ್ರ ಎಂಜಿನ್ ತಣ್ಣಗಾಗ್ತದ," ಎಂದರು ನನ್ನ ಗಂಡ. "ತಣ್ಣಗಾದ ಎಂಜಿನ್ ಮತ್ತ ಚಾಲೂ ಮಾಡಿದ್ರ ಹೆಚ್ಚು ಕುಡೀತದ. ಅಣ್ಣನ ನಂಬರ್ ಒಮ್ಮಿ ದಾಟ್ಲಿ. ಆಮ್ಯಾಲ ನೀ ಬೇಕಂದಲ್ಲಿ ನಿಲ್ಲಸ್ತೇನಿ."

ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಾರವೆಲ್ಲ ನನಗೂ ಶಾಲೆ, ಭಾನುವಾರ ನಾನು ತೂಕದ ಕಲ್ಲು. ಅದೂ ಅಲ್ಲದೆ ಮನೆಯಲ್ಲಿ ಕಾರಿಟ್ಟುಕೊಂಡವಳು ತವರೂರಿನಲ್ಲಿ ಒಬ್ಬಳೇ ಬಸ್ಸಿನಿಂದ ಇಳಿದರೆ, ನಾನು ಮನೆ ಮುಟ್ಟುವ ಮೊದಲೇ ಗಂಡ ಹೆಂಡತಿಯ ಜಗಳದ ಸುದ್ದಿ ಮಟಕಿಯ ಓಣಿಗಳಲ್ಲೆಲ್ಲ ಹಬ್ಬಿರುತ್ತದೆ. ಅವ್ವನಿಗೆ ಆ ಮಾತು ಕೇಳಿಸಲು ನನಗೆ ಮನಸ್ಸಿರಲಿಲ್ಲ.

ದಾರಿ ಸಿಕ್ಕಿದ್ದು ರಸ್ತೆಯ ಉಬ್ಬುಗಳಿಂದ. ಕ್ರಾಸಿನ ಆಚೆಗೊಂದು ಈಚೆಗೊಂದು ಎರಡು ಉಬ್ಬುಗಳಿವೆ. ನನ್ನ ಗಂಡ ಮೊದಲ ಉಬ್ಬಿಗೆ ಬಹಳ ಮುಂಚೆಯೇ ಕಾಲೆತ್ತುವುದರಿಂದ ಅಲ್ಲಿಗೆ ಬರುವ ಹೊತ್ತಿಗೆ ಗಾಡಿ ನಡೆಯುವವರ ವೇಗಕ್ಕೆ ಇಳಿದಿರುತ್ತಿತ್ತು. ಎರಡನೆಯ ಉಬ್ಬು ದಾಟುವವರೆಗೆ ಹಾಗೇ ಉರುಳುತ್ತಿತ್ತು. ನಾನು ಅವ್ವನಿಗೆ ಫೋನ್ ಮಾಡಿ ಕ್ರಾಸಿಗೆ ಬರಲು ಹೇಳಿದೆ. ತಮ್ಮ ಬೈಕಿನಲ್ಲಿ ಕರೆತಂದು ಚಹಾದಂಗಡಿಯ ಮುಂದೆ ಬಿಟ್ಟು ಹೊಲಕ್ಕೆ ಹೋಗುತ್ತಿದ್ದ. ಅಳಿಯ ಎದುರಿಗಿದ್ದಾನೆಂದು ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಕಾರಿನ ಮಗ್ಗುಲಲ್ಲಿ ನಡೆಯುತ್ತ ನನ್ನ ಜೊತೆ ಮಾತಾಡುತ್ತಿದ್ದಳು. ಅಷ್ಟು ಹೊತ್ತು ಕಿಟಕಿ ಇಳಿಸಲು ನನಗೆ ಪರವಾನಗಿ ಇತ್ತು.

ಬರೀ ಮಾತಿಗೆ ಅವ್ವ ಒಪ್ಪುವವಳಲ್ಲ. ತವರಿನ ಸೀಮೆ ದಾಟಿ ಹೋಗುವ ಮಗಳ ಉಡಿ ಬರಿದಾಗಿರಬಾರದು ಎಂದು ಎರಡನೆಯ ವಾರವೇ ತಾಟು ಹಿಡಿದು ಬಂದಳು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಮೇಲೊಂದು ಹಸಿರು ಖಣ. ಮನೆಯೊಳಗೆ ಚಾಪೆಯ ಮೇಲೆ, ಪೂರ್ವಕ್ಕೆ ಮುಖ ಮಾಡಿ ಕೂರಿಸಿ ತುಂಬಬೇಕಾದ ಉಡಿಯನ್ನು ನನ್ನವ್ವ ಉರುಳುವ ಕಾರಿನ ಪಕ್ಕ ಚಪ್ಪಲಿ ಸದ್ದು ಮಾಡುತ್ತ ನಡೆದು ತುಂಬಿದಳು. ನಾನು ಸೆರಗೊಡ್ಡಿ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದೆ. ಅರ್ಧ ಅಕ್ಕಿ ಸೆರಗಿಗೆ ಬಿತ್ತು, ಅರ್ಧ ಬಾಗಿಲ ಸಂದಿಯಲ್ಲಿ ಇಳಿಯಿತು. ಮುಂದೆ ಕೆಲವು ದಿನ ಗಾಡಿ ಹೊರಳಿದಾಗಲೆಲ್ಲ ಚರಚರ ಸದ್ದು ಬರುತ್ತಿತ್ತು. ನನ್ನ ಗಂಡ ಎಂಜಿನ್ ಹೋಯಿತೆಂದು ಗಾಬರಿಯಾಗಿ ಗ್ಯಾರೇಜಿಗೆ ಒಯ್ದರು. ಮೆಕ್ಯಾನಿಕ್ ಬಾಗಿಲು ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದು ಅವರ ಕೈಯಲ್ಲಿಟ್ಟ.

ಆದರೆ ಅವರನ್ನು ಕಾಡಿದ್ದು ಸದ್ದಲ್ಲ, ತೂಕ. ಹೋಗುವಾಗ ಒಂದು ತೂಕ, ದಾರಿಯ ನಡುವೆ ಉಡಿ ಸೇರಿ ಇನ್ನೊಂದು ತೂಕ. ಉಡಿ ಬೇಡ ಎನ್ನುವಂತಿಲ್ಲ, ಅಷ್ಟು ಧೈರ್ಯ ವಿಜ್ಞಾನಕ್ಕೂ ಇಲ್ಲ. ಬಹಳ ತಲೆ ಕೆಡಿಸಿಕೊಂಡು ಕೊನೆಗೆ ಒಂದು ಉಪಾಯ ಕಂಡುಹಿಡಿದರು. ಮನೆಯಿಂದ ಹೊರಡುವಾಗಲೇ ಒಂದು ಚೀಲದಲ್ಲಿ ಉಡಿಯಷ್ಟೇ ತೂಕದ ಜೋಳ ಕಟ್ಟಿ ನನ್ನ ತೊಡೆಯ ಮೇಲಿಟ್ಟರು. ಅವ್ವ ಉಡಿ ತುಂಬಿದ ಕೂಡಲೇ ನಾನು ಜೋಳವನ್ನು ಅವಳ ತಾಟಿಗೆ ದಾಟಿಸಬೇಕು. ತೂಕ ಬರೋಬ್ಬರಿ.

ಅವ್ವನಿಗೆ ಕಣ್ಣು ತುಂಬಿ ಬಂತು. "ಅಳಿಯಂದ್ರು ಎಷ್ಟ ಮಾಯಾ ಮಾಡ್ತಾರ ಬೇ ನಮ್ಮ ಮ್ಯಾಲ," ಎಂದಳು. ಅಳಿಯನ ಪ್ರೀತಿಗೆ ಸರಿಸಾಟಿಯಾಗಲೆಂದು ಮರುವಾರ ಅಕ್ಕಿಯ ಜೊತೆ ಶೇಂಗಾ ಹಿಂಡಿಯ ಡಬ್ಬಿ ತಂದಳು. ಅದರ ಮರುವಾರ ನನ್ನ ಗಂಡ ಜೋಳ ಹೆಚ್ಚಿಸಿದರು. ಅವ್ವ ಬೆಲ್ಲ ಸೇರಿಸಿದಳು. ಜೋಳ ಬೆಳೆಯುವ ಮನೆಗೆ ನಾವು ಅಂಗಡಿಯ ಜೋಳ ಹೊತ್ತು ಹಾಕುತ್ತಿದ್ದೆವು, ಅವ್ವ ನಮ್ಮ ತೂಕದ ಕಲ್ಲನ್ನು ಊರಿಗೆಲ್ಲ ತೋರಿಸಿ ಅಳಿಯನನ್ನು ಹೊಗಳುತ್ತಿದ್ದಳು. ನಾನು ಬಾಯಿಬಿಡಲಿಲ್ಲ. ಅವಳ ಸಂತೋಷ ಕೆಡಿಸಿ ನನಗೇನು ಸಿಗಬೇಕಿತ್ತು?

ಅವ್ವ ನನ್ನ ಹಣೆಗೆ ಕುಂಕುಮ ಇಡುವುದು ತಪ್ಪಾಗತೊಡಗಿದ್ದನ್ನು ನಾನು ಮೊದಮೊದಲು ಗಾಡಿಯ ಮೇಲೆ ಹಾಕಿದೆ. ಉರುಳುವ ಕಾರಿನಲ್ಲಿ ಕೂತವಳ ಮೂಗಿಗೆ ಕುಂಕುಮ ಬಿದ್ದರೆ ಆಶ್ಚರ್ಯವೇನಿದೆ? ಆಮೇಲೆ ಅದು ಕೆನ್ನೆಗೆ ಬಿತ್ತು. ಒಂದು ವಾರ ಪಕ್ಕದ ಕನ್ನಡಿಗೆ ಇಟ್ಟಳು. ಕನ್ನಡಿಗೇ ಮುಖ ಮಾಡಿ "ಸೊರಗೀದಿ ಬೇ" ಎಂದಳು. ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ.

ಆ ವಾರವೇ ತಮ್ಮನ ಫೋನ್ ಬಂತು. "ಅಕ್ಕಾ, ಅವ್ವಗ ಎರಡೂ ಕಣ್ಣಾಗ ಪೊರಿ ಬಂದದ. ಆಳಂದದಾಗ ತೋರ್ಸೀವಿ. ಲಗೂನ ಆಪರೇಶನ್ ಮಾಡಸ್ರಿ, ತಡಾ ಮಾಡಬ್ಯಾಡ್ರಿ ಅಂದಾರ ಡಾಕ್ಟರು. ಆಕಿ ಒಲ್ಲೆ ಅಂತ ಕೂತಾಳ. ಅಪ್ಪನ ಮಾತೂ ಕೇಳವಲ್ಲಳು. ನೀ ಬಂದು ಒಂದ್ ತಾಸು ಮಗ್ಗಲಾಗ ಕೂತು ಹೇಳಿದ್ರ ಕೇಳ್ತಾಳ ನೋಡು."

ಒಂದು ತಾಸು. ನನ್ನ ಹತ್ತಿರ ಇದ್ದದ್ದು ಎರಡು ಉಬ್ಬುಗಳ ನಡುವಿನ ಜಾಗ. ಫೋನಿನಲ್ಲಿ ಅವ್ವ ಊಟದ ವಿಷಯ ಬಿಟ್ಟರೆ ಬೇರೆ ಮಾತಾಡುವವಳಲ್ಲ, ಕಣ್ಣಿನ ಮಾತು ತೆಗೆದರೆ ಸೊಸೆಯ ಕೈಗೆ ಫೋನ್ ಕೊಟ್ಟುಬಿಡುತ್ತಾಳೆ. ಗಂಡನ ಮುಂದೆ ಬೇಡಿಕೊಂಡೆ. ಅವರು ಕಟುಕರಲ್ಲ. ತಲೆ ತಗ್ಗಿಸಿ ಕೇಳಿದರು, ಪಾಪ ಎಂದರು, ಪರದೆಯ ಅಂಕಿ ತೋರಿಸಿದರು. ಭಾವನ ಅಂಕಿಗೆ ಇನ್ನು ಸ್ವಲ್ಪವೇ ಉಳಿದಿತ್ತು. "ಇಷ್ಟರಾಗ ಮುಗೀತದ. ಅಲ್ಲೀತನಕ ಹೋಗ್ತಾ ಹೋಗ್ತಾ ಹೇಳು," ಎಂದರು.

ಹೋಗುತ್ತಾ ಹೋಗುತ್ತಾ ಹೇಳತೊಡಗಿದೆ.

"ಅವ್ವಾ, ತಮ್ಮ ಹೇಳಿದ. ಯಾಕ ಒಲ್ಲೆ ಅಂತಿ?"

"ಅಕ್ಕಿ ಹಿಡಿ ಮೊದಲ. ಸೆರಗ ಬರೋಬ್ಬರಿ ಒಡ್ಡು. ಒಲ್ಲೆ ಅಂದ್ರ ಏನ್ ಬೇ, ಅವರು ತಗೀತಾರಂತ..."

ಎರಡನೆಯ ಉಬ್ಬು ಬಂತು. ಏನು ತೆಗೆಯುತ್ತಾರೆ ಎಂದು ಇಡೀ ವಾರ ತಲೆ ಕೆರೆದುಕೊಂಡೆ. ಮುಂದಿನ ಭಾನುವಾರ ಕಿಟಕಿ ಇಳಿಸುವ ಮೊದಲೇ ಕೂಗಿದೆ.

"ಏನ್ ತಗೀತಾರವ್ವ?"

"ಕಣ್ಣ ಬೇ. ಗುಡ್ಡಿ ತಗದು ತಾಟಿನ್ಯಾಗ ಇಟ್ಟು ತೊಳೀತಾರಂತ. ತೊಳದು ಮತ್ತ ಕೂಡಸ್ತಾರಂತ. ಅಷ್ಟರಾಗ ಬೆಕ್ಕು ಬಂತಂದ್ರ?"

ಉಬ್ಬು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಆ ಬೆಕ್ಕು ಓಡಾಡಿತು. ಕ್ಲಾಸಿನಲ್ಲಿ ಸಂಧಿ ಪಾಠ ಮಾಡುವಾಗಲೂ ಅದು ತಾಟಿನ ಹತ್ತಿರ ಬರುತ್ತಿತ್ತು. ಮುಂದಿನ ಭಾನುವಾರ ಅರ್ಧ ಹೊರಗೆ ಬಾಗಿ, "ದವಾಖಾನ್ಯಾಗ ಬೆಕ್ಕು ಇರಂಗಿಲ್ಲವ್ವ," ಎಂದು ಗಂಟಲು ಹರಿಯುವಂತೆ ಒದರಿದೆ. ಚಹಾದಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಅವರಿಗೆ ನಮ್ಮ ಮಾತುಕತೆ ವಾರವಾರದ ಧಾರಾವಾಹಿಯಾಗಿತ್ತು. ಬಸಿಯಲ್ಲಿ ಚಹಾ ಆರಿಸುತ್ತಿದ್ದವನೊಬ್ಬ ನನ್ನ ಪರವಾಗಿ, "ಖರೆ ಅದ ಆಯಿ, ಬೆಕ್ಕಿಗಿ ಒಳಗ ಬಿಡಂಗಿಲ್ಲ," ಎಂದ. ಅವ್ವ ಅವನ ಕಡೆ ತಿರುಗಿ, "ನೀ ಒಳಗ ಹೋಗಿ ನೋಡಿ ಬಂದೀದ್ಯೇನಪ್ಪ?" ಎಂದು ವಾದಕ್ಕೆ ನಿಂತಳು. ನನ್ನ ಪಾಲಿನ ರಸ್ತೆ ಅವರಿಬ್ಬರ ಜಗಳದಲ್ಲಿ ಮುಗಿದುಹೋಯಿತು.

ರಾತ್ರಿ ಮಲಗಿದಾಗ ನನಗೆ ಭಯವಾಗುತ್ತಿತ್ತು. ಅವಳ ಕಣ್ಣು ಹೀಗೇ ಹೋಗಿಬಿಟ್ಟರೆ, ನಾನು ಅವಳ ಪಕ್ಕದಿಂದ ವಾರವಾರ ಉರುಳಿಕೊಂಡು ಹೋದವಳು ಎನ್ನಿಸಿಕೊಳ್ಳುತ್ತೇನೆ. ಗಂಡನ ಮೇಲೆ ಸಿಟ್ಟು ಬರುತ್ತಿತ್ತು. ಭಾವನ ಮೇಲೆ, ಹುಗ್ಗಿಯ ಮೇಲೆ, ಕಾರು ಕಂಡುಹಿಡಿದವನ ಮೇಲೆ ಕೂಡ ಬರುತ್ತಿತ್ತು.

ಆ ಭಾನುವಾರ ಬೆಳಿಗ್ಗೆಯಿಂದಲೇ ಎಲ್ಲವೂ ನನ್ನ ಗಂಡನ ಪರವಾಗಿತ್ತು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ದನಗಳು ಮನೆಯಲ್ಲೇ ಇದ್ದವು. ಪರದೆಯ ಅಂಕಿ ಮೆಲ್ಲಗೆ ಏರಿ ಏರಿ ಭಾವನ ಅಂಕಿಯ ಹೊಸ್ತಿಲಿಗೆ ಬಂದು ನಿಂತಿತ್ತು. ಅವರು ಉಸಿರಾಡುವುದನ್ನೂ ಕಡಿಮೆ ಮಾಡಿದ್ದರು. ನಾನು ತೊಡೆಯ ಮೇಲೆ ಜೋಳದ ಚೀಲ ಇಟ್ಟುಕೊಂಡು, ಬೆಕ್ಕಿಗೆ ಏನು ಉತ್ತರ ಹೇಳಲಿ ಎಂದು ಯೋಚಿಸುತ್ತ ಕೂತಿದ್ದೆ.

ಮೊದಲ ಉಬ್ಬು ಬಂತು. ಅವ್ವ ಅಲ್ಲಿರಲಿಲ್ಲ.

ಕ್ರಾಸಿನಲ್ಲಿ ಬೇವಿನ ಮರದ ಕೆಳಗೆ ಇನ್ನೊಂದು ಬಿಳಿ ಸಣ್ಣ ಕಾರು ನಿಂತಿತ್ತು. ನಮ್ಮದೇ ನಮೂನೆ. ಅದರ ಯಜಮಾನ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಪಕ್ಕದ ಸಣ್ಣ ಸೇತುವೆಯ ಕಟ್ಟೆಯ ಮೇಲೆ ನನ್ನವ್ವ ಕೂತಿದ್ದಳು. ಅವಳ ಮಗ್ಗುಲಿಗೆ ಮೈ ತಾಗಿಸಿಕೊಂಡು ಒಬ್ಬ ಹೆಂಗಸು, ಸುಮಾರು ನನ್ನದೇ ವಯಸ್ಸು. ಅವಳ ಉಡಿ ತುಂಬಿತ್ತು. ನನ್ನ ಅಕ್ಕಿ, ನನ್ನ ಕೊಬ್ಬರಿ, ನನ್ನ ಹಸಿರು ಖಣ. ಅವ್ವ ಆ ಹೆಂಗಸಿನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಇಬ್ಬರೂ ನಗುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ಅವ್ವನ ಕಣ್ಣಿನ ಚಿಂತೆಯೂ ಆ ಕ್ಷಣ ನೆನಪಾಗಲಿಲ್ಲ. ಅಲ್ಲಿ ನಾನು ಕೂರಬೇಕಿತ್ತು ಎನ್ನುವುದೊಂದೇ ಇತ್ತು.

"ನಿಲ್ಲಸ್ರಿ," ಎಂದೆ.

"ಈಗ ಬ್ಯಾಡ. ನೋಡಿಲ್ಲಿ, ಇನ್ನ ಒಂದ ಚೂರು," ಎಂದರು. ಕಣ್ಣು ಪರದೆಯ ಮೇಲೇ ಇತ್ತು.

ಗಾಡಿ ಉರುಳುತ್ತಿತ್ತು. ನಾನು ಬಾಗಿಲು ತೆರೆದೆ. ಜೋಳದ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು, ಸೀರೆ ಎತ್ತಿ ಹಿಡಿದು, ಎಮ್ಮೆಯ ಬೆನ್ನಿನಿಂದ ಇಳಿದ ಹಾಗೆ ಇಳಿದುಬಿಟ್ಟೆ. ನಾಲ್ಕು ಹೆಜ್ಜೆ ಮುಗ್ಗರಿಸಿ ನಿಂತೆ. ಚಹಾದಂಗಡಿಯವರು ಎದ್ದು ನಿಂತರು. ನಮ್ಮ ಕಾರು ಮಾತ್ರ ನಿಲ್ಲಲಿಲ್ಲ. ತೆರೆದ ಬಾಗಿಲನ್ನು ರೆಕ್ಕೆಯಂತೆ ಬಿಚ್ಚಿಕೊಂಡು ಎರಡನೆಯ ಉಬ್ಬು ಹತ್ತಿ ಇಳಿದು, ಬಾಗಿಲು ತಾನಾಗಿ ಬಡಿದುಕೊಂಡು ಮುಚ್ಚಿ, ಆಳಂದದ ಕಡೆ ಹೋಗೇಬಿಟ್ಟಿತು. ಬ್ರೇಕು ಎಲ್ಲಿದೆ ಎಂಬುದೇ ಕಾಲಿಗೆ ಮರೆತುಹೋಗಿತ್ತು ಎಂದು ಆಮೇಲೆ ಅವರು ಹೇಳಿದರು. ನಾನು ನಂಬಿದ್ದೇನೆ.

ಕಟ್ಟೆಯ ಹತ್ತಿರ ಹೋದೆ. ಆ ಹೆಂಗಸು ಎದ್ದು ನಿಂತು, "ನೀವ ಮಗಳೇನ್ರಿ?" ಎಂದು ಕೇಳಿದಳು. ಖಜೂರಿಯವಳಂತೆ. ಗಂಡನದು ಲಾರಿ ವ್ಯವಹಾರ, ಇಬ್ಬರೂ ಯಾವುದೋ ಕೆಲಸಕ್ಕೆ ಅಫಜಲಪುರದ ಕಡೆ ಹೊರಟಿದ್ದರು. ಉಬ್ಬಿಗೆ ಗಾಡಿ ನಿಧಾನ ಮಾಡಿದಾಗ ಒಬ್ಬ ಮುದುಕಿ ಓಡಿಬಂದು ಕಿಟಕಿಯಿಂದ ಉಡಿ ಸುರಿದಳಂತೆ. ಸೆರಗೊಡ್ಡದೆ ಗತ್ಯಂತರವಿರಲಿಲ್ಲವಂತೆ.

"ನಮ್ಮ ಆಯಿ ತೀರಿಕೊಂಡ ಮ್ಯಾಲ ನನ್ನ ಉಡಿ ತವರ ಕಡಿಯಿಂದ ಯಾರೂ ತುಂಬಿಲ್ರಿ ಅಕ್ಕಾರ," ಎಂದಳು. "ಗಾಡಿ ನಿಲ್ಲಸ್ರಿ, ಪಾಯ ಬಿದ್ದು ಬರ್ತೇನಿ ಅಂದೆ ಇವರಿಗಿ. ಇಳದ ಮ್ಯಾಲ ಕೂಡಬೇಕಂತ ಅನಸ್ತು."

ಕೂತಾಗ ಅವ್ವನ ಕಣ್ಣು ನೋಡಿದ್ದಾಳೆ. ಅವಳ ತಾಯಿಗೂ ಪೊರೆ ಬಂದಿತ್ತಂತೆ, ಆಪರೇಶನ್ ಒಲ್ಲೆ ಎಂದಳಂತೆ. "ಕಡೀಕ ನನ್ನ ಮಾರಿ ಕಾಣದನ ಹೋದ್ಲು. ಕೈಲೆ ತಡವಿ ತಡವಿ ಇದು ಮೂಗು, ಇದು ಗದ್ದ ಅಂತಿದ್ಲು. ಅದನ್ನ ಹೇಳಿದೆ ಇವರಿಗಿ, ಮತ್ತೇನಿಲ್ಲ."

"ಮಾಡಸ್ಕೋತೇನಿ ಬೇ," ಎಂದಳು ಅವ್ವ ನನ್ನ ಕಡೆ ತಿರುಗಿ. ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಿದ್ದಳು. "ಈ ಸೋಮಾರನ ಹೋಗೂಣು. ನೀ ಸೂಟಿ ಹಾಕಿ ಮಗ್ಗಲಾಗ ಕೂಡಬೇಕು ನೋಡು. ಬೆಕ್ಕು ಬಂದ್ರ ನೀ ಹೊಡಿ."

ನಾನು ವಾರಗಟ್ಟಲೆ ಕಿಟಕಿಯಿಂದ ಒದರಿ ಮಾಡಲಾಗದ್ದನ್ನು ಇವಳು ಒಂದು ಸಲ ಇಳಿದು ಮಾಡಿದ್ದಳು. ಆ ಹೆಂಗಸು ಉಡಿಯನ್ನು ಬಿಚ್ಚಿ ನನಗೆ ಕೊಡಲು ಬಂದಳು, ನಾನು ಅವಳ ಕೈ ಹಿಡಿದು ತಡೆದೆ. ತುಂಬಿದ ಉಡಿಯನ್ನು ಯಾರಾದರೂ ವಾಪಸು ತೆಗೆದುಕೊಳ್ಳುತ್ತಾರೆಯೇ? ಮೇಲಿಂದ ಜೋಳದ ಚೀಲವನ್ನೂ ಅವಳಿಗೇ ಕೊಟ್ಟೆ. ಏಕೆಂದು ನನಗೂ ತಿಳಿಯಲಿಲ್ಲ, ಆ ಹೊತ್ತಿಗೆ ಕೈ ಅದಕ್ಕೆ ಒಗ್ಗಿಹೋಗಿತ್ತು. ಅವಳು ಅವ್ವನ ಕಾಲಿಗೆ ಬಿದ್ದು, ಆಪರೇಶನ್ ಆದ ಮೇಲೆ ನೋಡಲು ಬರುತ್ತೇನೆಂದು ಹೇಳಿ, ಗಂಡನ ಜೊತೆ ಹೋದಳು.

ನಾನು ಅವ್ವನ ಮಗ್ಗುಲಲ್ಲಿ ಕೂತೆ. ಕಲ್ಲು ಇನ್ನೂ ಆ ಹೆಂಗಸಿನ ಮೈಯಿಂದ ಬೆಚ್ಚಗಿತ್ತು. ಎಷ್ಟೋ ದಿನಗಳ ನಂತರ ಅವ್ವನ ಮೈಯ ವಾಸನೆ ಮೂಗಿಗೆ ಬಂತು, ಒಲೆಯ ಹೊಗೆ ಮತ್ತು ಎಲೆ ಅಡಿಕೆ. ನನಗೆ ಅಳು ಬಂತು. ಅತ್ತರೆ ಅವಳಿಗೆ ಕಾಣುವುದಿಲ್ಲವಲ್ಲ ಎಂದು ಸುಮ್ಮನೆ ಅತ್ತೆ. ಆದರೆ ಒಳಗಿನ ಮುಳ್ಳು ಹಾಗೇ ಚುಚ್ಚುತ್ತಿತ್ತು, ಕೇಳದೆ ಇರಲಾಗಲಿಲ್ಲ.

"ಅವ್ವಾ, ಆಕಿ ನಾನಲ್ಲ ಅಂತ ನಿನಗ ತಿಳೀಲೇ ಇಲ್ಲೇನು?"

ಅಷ್ಟರಲ್ಲಿ ನನ್ನ ಗಂಡ ತಿರುಗಿ ಬಂದಿದ್ದರು. ಕಾರನ್ನು ದೂರದಲ್ಲೇ ನಿಲ್ಲಿಸಿ, ಕೀಲಿ ಕೈಯಲ್ಲಿ ಹಿಡಿದು, ದೊಡ್ಡ ಹೆಜ್ಜೆ ಹಾಕುತ್ತ ಬಂದು ಅವ್ವನ ಹಿಂದೆ ನಿಂತರು. ಮುಖ ಹೊಳೆಯುತ್ತಿತ್ತು. ನಾನೂ ಜೋಳವೂ ಇಳಿದ ಕಾರು ಏನು ಮಾಡಿರಬಹುದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಭಾವನ ಅಂಕಿ ದಾಟಿತ್ತು. ಅದನ್ನು ಹೇಳಲು ಅವರು ಬಾಯಿ ತೆರೆದಿದ್ದರು. ಅವ್ವನಿಗೆ ಅವರು ಕಾಣಲಿಲ್ಲ.

"ಉಡಿ ತುಂಬೂ ತನಕ ತಿಳೀಲಿಲ್ಲ ಬೇ," ಎಂದಳು ಅವ್ವ, ನನ್ನ ಅಂಗೈ ತಿಕ್ಕುತ್ತ. "ಆಮ್ಯಾಲ ಗಾಡಿ ನಿಂತಿತಲ್ಲ. ನಿಂತ ಕೂಡ್ಲೇ ತಿಳೀತು, ಇದು ನಮ್ಮ ಮಗಳದಲ್ಲ ಅಂತ."

ಅತ್ತೆಯಾದವಳು ಅಳಿಯನ ಮುಖಕ್ಕೆ ಎಂದೂ ಆಡದ ಮಾತು. ಅದರಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಮಳೆ ಬಂದದ್ದು, ಬಿಸಿಲು ಬಿದ್ದದ್ದು ಹೇಳಿದ ಹಾಗೆ ಹೇಳಿದಳು. ನನ್ನ ಗಂಡನ ತೆರೆದ ಬಾಯಿ ಮುಚ್ಚಿತು. ಅವರು ಕೀಲಿಯನ್ನು ಜೇಬಿಗೆ ಹಾಕಿದರು. ಮುಂದೆ ಬಂದು, ಮನೆಯ ಬಾಗಿಲಲ್ಲಿ ಬಿಡುವಂತೆ ಚಪ್ಪಲಿ ಬಿಟ್ಟು, ಕಟ್ಟೆಯ ಕೆಳಗೆ ಮಣ್ಣಿನಲ್ಲೇ ಕೂತರು.

"ಯಾರ ಬೇ ಅದು?" ಎಂದಳು ಅವ್ವ.

"ನಿಮ್ಮ ಅಳಿಯಂದ್ರವ್ವ," ಎಂದೆ.

ಅವ್ವ ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಳಿಯ ಇಳಿದು ಬಂದು ಕೂತಿದ್ದಾನೆ ಎನ್ನುವುದಕ್ಕೆ ಅವಳಿಗೆ ಒಂದೇ ಒಂದು ಕಾರಣ ಹೊಳೆಯಿತು. ಅವರಿಲ್ಲದ ದಿಕ್ಕಿಗೆ ಮುಖ ಮಾಡಿ, ಮರುಕದಿಂದ ಕೇಳಿದಳು.

"ಗಾಡಿ ಕೆಟ್ಟದೇನ್ರಿ?"

ನನ್ನ ಗಂಡ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

"ಹೌದ್ರಿ ಅತ್ತಿ, ಕೆಟ್ಟದ," ಎಂದರು. "ಸಂಜೀತನಕ ಚಾಲೂ ಆಗಂಗಿಲ್ರಿ."